ಶ್ರೀಶೈಲದ ಊಟ, ಸಿರುಗುಪ್ಪದ ಸೈಕಲ್ಲು

ಸೈಕಲ್ಲಿನ ಹಿಂದೆ ಗಂಟುಮೂಟೆ ಕಟ್ಟುವ ಜಾಗ ಇರುತ್ತದಲ್ಲ, ಅದಕ್ಕೆ ಕುಂದಾಪುರದ ಕಡೆ ನಮ್ಮಪ್ಪ ಏನೋ ಒಂದು ಹೆಸರು ಹೇಳುತ್ತಿದ್ದರು. ಕ್ಯಾರಿಯರ್ ಅಲ್ಲ. ಬೇರೆ ಏನೋ. ನಾಲಿಗೆಯ ತುದಿಯವರೆಗೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಮದುವೆಯಾಗಿ ಬಳ್ಳಾರಿಗೆ ಬಂದು ನಲವತ್ತು ವರ್ಷದ ಮೇಲಾಯಿತು. ಇಲ್ಲಿಯ ಬಿಸಿಲಿಗೆ ಆ ಕಡೆಯ ಮಾತುಗಳು ಒಂದೊಂದಾಗಿ ಆವಿಯಾಗಿ ಹೋಗುತ್ತಿವೆ. ಇರಲಿ, ಆಮೇಲೆ ನೆನಪಾದೀತು.

ಅರವತ್ತು ದಾಟಿದ ಹೆಂಗಸು ಒಬ್ಬಳೇ ಸೈಕಲ್ ಹತ್ತಿ ಊರು ಬಿಟ್ಟರೆ ನಮ್ಮ ಜಿಲ್ಲೆಯಲ್ಲಿ ಅವಳನ್ನು ಸುಮ್ಮನೆ ಹೋಗಲು ಯಾರೂ ಬಿಡುವುದಿಲ್ಲ. ಒಮ್ಮೆ ಹತ್ತಿರದ ಮೋಕ ಊರಿನವರೆಗೆ ಹೋಗಿದ್ದೆ. ಚಹಾದ ಅಂಗಡಿಯಲ್ಲಿ ಒಬ್ಬರು ಕೇಳಿದರು, "ಸೈಕಲ್ ಮಾರಾಕ ಬಂದೀರೇನ್ರಿ?"

"ಇಲ್ಲ, ಸುಮ್ಮನೆ ಬಂದೆ."

"ಹಂಗಾರ ಸೊಸಿ ಕೂಡ ಜಗಳಾನ್ರಿ?"

ಮೂರನೆಯ ಕಾರಣ ಒಂದು ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ.

ಪಂದ್ಯ

ನನ್ನ ಗಂಡನ ಅಕ್ಕ ಸಿರುಗುಪ್ಪದಲ್ಲಿದ್ದಾರೆ. ನಾನು ಹೊಸ ಮದುಮಗಳಾಗಿ ಹೊಸ್ತಿಲು ದಾಟಿದ ದಿನವೇ ಅವರು, "ಕಡಲ ದಂಡಿ ಹುಡುಗಿ, ನಮ್ಮ ಬಿಸಲಿಗೆ ಬಾಡಿ ಹೊಕ್ಕೈತಿ" ಎಂದಿದ್ದರು. ನನಗೆ ಮೊಮ್ಮಕ್ಕಳಾದರೂ ಅವರ ಲೆಕ್ಕದಲ್ಲಿ ನಾನು ಬಾಡುತ್ತಲೇ ಇದ್ದೇನೆ.

ಈ ವರ್ಷ ಯುಗಾದಿಗೆ ಮುಂಚೆ ಫೋನಿನಲ್ಲಿ, "ಅತ್ತಿಗೆ, ಈ ಸಲ ಸೈಕಲ್ ಮೇಲೇ ಬರ್ತೇನೆ" ಎಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ನಗು. ಆಮೇಲೆ ಶರತ್ತು ಬಂತು. "ದೀಪ ಹಚ್ಚೋ ಹೊತ್ತಿನೊಳಗ ಬರಬೇಕು. ನಡುವ ಬಸ್ಸು, ಟ್ರ್ಯಾಕ್ಟರು ಏನೂ ಹತ್ತಂಗಿಲ್ಲ. ಹತ್ತಿದಿ ಅಂದ್ರ ಆ ಸೈಕಲ್ಲು ನಮ್ಮ ಮನಿ ಅಟ್ಟಕ್ಕ. ತುಳಕೊಂಡ ಬಂದಿ ಅಂದ್ರ ನಿನ್ನ ಕಾಲು ತೊಳದು, ಆ ನೀರು ನನ್ನ ತಲಿ ಮ್ಯಾಲ ಹಾಕ್ಕೊಂತೀನಿ, ಹೋಗು!"

ನಡುವೆ ಯಜಮಾನರ ಕೈಗೆ ಫೋನು ಹೋಯಿತು. "ತಮ್ಮಾ, ಇಕಿನ್ನ ತಡಿಯೋ" ಎಂದರಂತೆ. "ನಲವತ್ತು ವರ್ಷದಿಂದ ತಡದ ನೋಡೀನಿ ಅಕ್ಕಾ" ಎಂದು ಇವರು ಫೋನಿಟ್ಟರು.

ಶ್ರೀಶೈಲ ಆ ಕಡೆ

ಬಳ್ಳಾರಿಯ ಕಂಟೋನ್ಮೆಂಟಿನಿಂದ ನಸುಕಿನಲ್ಲೇ ಹೊರಟೆ. ನೇರ ರಸ್ತೆಯಲ್ಲಿ ಲಾರಿಗಳ ಕಾಟವೆಂದು ಕುರುಗೋಡು, ಬಾದನಹಟ್ಟಿ ಸುತ್ತಿಕೊಂಡು ಹೋಗುವ ಯೋಚನೆ ನನ್ನದು. ಆದರೆ ಅವು ಜನ ಗುಂಪುಗುಂಪಾಗಿ ಶ್ರೀಶೈಲದ ಮಲ್ಲಯ್ಯನಿಗೆ ನಡೆದು ಹೋಗುವ ದಿನಗಳು ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ದಾರಿಯುದ್ದಕ್ಕೂ ಶಾಮಿಯಾನ, ಒಲೆ, ದೊಡ್ಡ ದೊಡ್ಡ ಕೊಪ್ಪರಿಗೆ. ಭಕ್ತರೆಲ್ಲ ನನ್ನ ಎದುರಿಗೆ ಬರುತ್ತಿದ್ದಾರೆ, ನಾನೊಬ್ಬಳೇ ಉಲ್ಟಾ.

ಕುರುಗೋಡು ಇನ್ನೂ ಮುಂದಿರುವಾಗಲೇ ಇಬ್ಬರು ಅಡ್ಡ ಬಂದು ಹ್ಯಾಂಡಲ್ ಹಿಡಿದರು. "ಬರ್ರಿ ಅಮ್ಮಾರೆ, ಪ್ರಸಾದ ತಗೊಳ್ರಿ. ದಾರಿ ತಪ್ಪಿದಂಗ ಕಾಣ್ತೈತಿ, ಶ್ರೀಶೈಲ ಆ ಕಡೆ ಐತ್ರಿ."

"ನಾನು ಶ್ರೀಶೈಲಕ್ಕಲ್ಲ ಮಾರಾಯ್ರೆ, ಸಿರುಗುಪ್ಪಕ್ಕೆ."

"ಆತ್ರಿ, ಮೊದಲ ಉಣ್ರಿ."

ಗೋಧಿ ಹುಗ್ಗಿ, ಮೇಲೆ ತುಪ್ಪ, ಅನ್ನ, ಸಾರು. ಸಾಕು ಎಂದು ಅಡ್ಡ ಹಿಡಿದ ಕೈಯ ಮೇಲೇ ಇನ್ನೊಂದು ಸೌಟು ಬಿತ್ತು. ನಾನು ಉಣ್ಣುವಷ್ಟರಲ್ಲಿ ಯಾರೋ ಸೈಕಲ್ ಒರೆಸಿ, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ ಹಾಕಿ, ಗಂಟೆಗೆ ವಿಭೂತಿ ಹಚ್ಚಿ ನಿಲ್ಲಿಸಿದ್ದರು. ಹುಗ್ಗಿಯ ಮಂಪರಿನಲ್ಲಿ ಹತ್ತಿದೆ, ತುಳಿದೆ. ಗಾಳಿ ಬೆನ್ನಿಗಿತ್ತು. ಭಕ್ತರೂ ನನ್ನ ಜೊತೆಜೊತೆಗೇ ನಡೆಯುತ್ತಿದ್ದರು. ಆಹಾ, ಈಗ ದಾರಿ ಎಷ್ಟು ಹಗುರ ಅಂದುಕೊಂಡೆ. ಬಹಳ ದೂರ ಹೋದ ಮೇಲೆ ಒಂದು ಕಲ್ಲು ಕಂಡಿತು. ಅದರ ಮೇಲೆ 'ಬಳ್ಳಾರಿ' ಎಂದಿತ್ತು.

ಪುಣ್ಯಾತ್ಮರು ಒರೆಸುವಾಗ ನನ್ನ ಸೈಕಲ್ಲನ್ನು ಭಕ್ತಿಯಿಂದ ಶ್ರೀಶೈಲದ ಕಡೆಗೆ ತಿರುಗಿಸಿ ಇಟ್ಟಿದ್ದರು.

ಎದುರುಗಾಳಿಯಲ್ಲಿ ಏದುಸಿರು ಬಿಡುತ್ತಾ ಹಿಂದಕ್ಕೆ ಬಂದೆ. ಅದೇ ಶಾಮಿಯಾನ, ಅದೇ ಇಬ್ಬರು ಓಡಿ ಬಂದು ಹ್ಯಾಂಡಲ್ ಹಿಡಿದರು.

"ಬರ್ರಿ ಅಮ್ಮಾರೆ, ಪ್ರಸಾದ ತಗೊಳ್ರಿ!"

ಎಣ್ಣೆ

ಬಾದನಹಟ್ಟಿಯಲ್ಲಿ ಊಟ ಬೇಡವೆಂದು ಕೈ ಮುಗಿದೆ. ಒಪ್ಪಿದರು. "ಊಟ ಬ್ಯಾಡಂದ್ರ ಕಾಲಾದ್ರೂ ಚಾಚು" ಎಂದು ನನಗಿಂತ ಹಿರಿಯ ಅಜ್ಜಿಯೊಬ್ಬಳು ಎಣ್ಣೆಯ ಬಟ್ಟಲು ಹಿಡಿದು ಎದುರಿಗೆ ಕುಳಿತಳು.

"ಅವ್ವಾ, ನಾನು ಶ್ರೀಶೈಲಕ್ಕೆ ಹೋಗ್ತಾ ಇಲ್ಲ."

"ಹೋಗಾದು ಬಿಡಾದು ಮಲ್ಲಯ್ಯಗ ಬಿಟ್ಟಿದ್ದು. ನೀ ಕಾಲು ಚಾಚವ್ವ."

ತೊಡೆ ನಡುಗುವಂತೆ ತಿಕ್ಕಿದಳು. ಸುಖವೆಂದರೆ ಸುಖ. ಆದರೆ ಹೊರಡುವಾಗ ಚಪ್ಪಲಿಯೊಳಗೆ ಕಾಲು ಬಂಗುಡೆ ಮೀನಿನ ಹಾಗೆ ಜಾರತೊಡಗಿತು. ಪೆಡಲ್ ಒಂದು ಕಡೆ, ನಾನು ಒಂದು ಕಡೆ. "ಎಣ್ಣೆ ಒರೆಸಿಕೊಳ್ಳಲು ಒಲೆಯಿಂದ ಒಂದು ಹಿಡಿ ಬೂದಿ ಕೊಡಿ" ಎಂದು ಕೇಳಿದೆ. ಅಜ್ಜಿಯ ಕಣ್ಣು ತುಂಬಿ ಬಂತು. ತಟ್ಟೆಯ ತುಂಬ ವಿಭೂತಿ ತಂದು ನನ್ನ ಹಣೆ, ಕತ್ತು, ತೋಳಿಗೆಲ್ಲ ಬಳಿದಳು.

ಅಲ್ಲಿಂದ ಮುಂದೆ ನಾನು ಶ್ರೀಶೈಲಕ್ಕೆ ಹೋಗುತ್ತಿಲ್ಲ ಎಂದರೆ ನನಗೇ ನಂಬಿಕೆ ಬರುತ್ತಿರಲಿಲ್ಲ.

ಹರಕೆ

ಕಾಲುವೆಯ ದಾರಿಯಲ್ಲಿ, ಎರಡೂ ಕಡೆ ಗದ್ದೆ ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲದ ಕಡೆ, ಹಿಂದಿನ ಚಕ್ರ ಪಂಚರಾಯಿತು. ಬಿಸಿಲು ಇಳಿಯುತ್ತಿತ್ತು. ದೀಪ ಹಚ್ಚುವ ಹೊತ್ತು ನೆನಪಾಗಿ ಗಡಿಬಿಡಿಯಲ್ಲಿ ಸೈಕಲ್ ಮಗುಚಿದೆ. ಪಂಚರ್ ಹಾಕುವ ಸಾಮಾನು ಬಿಚ್ಚುತ್ತಿದ್ದಾಗ ಟ್ರ್ಯಾಕ್ಟರೊಂದು ಬಂದು ನಿಂತಿತು.

"ಹತ್ರಿ ಅಮ್ಮಾರೆ, ಸೈಕಲ್ಲು ಟ್ರಾಲಿಗೆ ಹಾಕ್ತೀನಿ. ಸಿರುಗುಪ್ಪ ಎಷ್ಟರ ಹೊತ್ತು!"

ಆಹಾ, ಎಂಥ ಮಾತು! ಆದರೆ ಕಣ್ಣೆದುರು ಅತ್ತಿಗೆಯ ಅಟ್ಟ ಬಂತು. "ಹತ್ತುವ ಹಾಗಿಲ್ಲ" ಎಂದೆ.

ಚಾಲಕ ನನ್ನ ವಿಭೂತಿ ನೋಡಿದ. "ಹರಕಿ ಏನ್ರಿ?"

"ಒಂಥರಾ ಹಾಗೇ."

ತಕ್ಷಣ ತಲೆಯ ಟವೆಲ್ ತೆಗೆದು ಕೈ ಮುಗಿದ. ಟ್ಯೂಬಿನ ತೂತು ಹುಡುಕಲು ಕಾಲುವೆಯಿಂದ ನೀರು ತಂದುಕೊಟ್ಟ. ಪಂಚರು ಹಾಕಿ ಹೊರಟರೆ, ನನ್ನನ್ನು ದಾಟಿ ಮುಂದೆ ಹೋಗುವುದು ಪಾಪವೆಂದು ನನ್ನ ಹಿಂದೆಯೇ ನನ್ನ ವೇಗದಲ್ಲೇ ಬಂದ. ಅವನ ಹಿಂದೆ ಭತ್ತದ ಲಾರಿ ಬಂತು, ಅದರ ಹಿಂದೆ ಬಸ್ಸು.

"ಲೇ, ಮುಂದ ಏನ ಆಗೈತಲೇ?" ಎಂದು ಬಸ್ಸಿನವನು ಕೂಗಿದ.

"ಹರಕಿ ನಡದೈತಿ! ಹಾರ್ನ್ ಹೊಡೀಬ್ಯಾಡ, ಸುಮ್ಮನ ಬಾ!"

ನಮ್ಮ ಮದುವೆಯ ಮೆರವಣಿಗೆಯಲ್ಲೂ ನನ್ನ ಹಿಂದೆ ಇಷ್ಟು ಗಾಡಿ ಇರಲಿಲ್ಲ.

ಕಾಲು

ಸಿರುಗುಪ್ಪದ ಅಂಚಿಗೆ ಬಂದಾಗ ಇನ್ನೂ ಬೆಳಕಿತ್ತು. ಅಲ್ಲೂ ಶಾಮಿಯಾನ. ಸೈಕಲ್ ಒಬ್ಬರು ಕಸಿದುಕೊಂಡರು, ಇನ್ನೊಬ್ಬರು ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಕೆಳಗೆ ಹೆಂಗಸರು ಸಾಲಾಗಿ ಕುಳಿತು ಭಕ್ತರ ಕಾಲು ತೊಳೆಯುತ್ತಿದ್ದರು. ನನ್ನೆದುರಿಗೆ ತಂಬಿಗೆ ಹಿಡಿದು ಕುಳಿತವರು ನಮ್ಮ ಅತ್ತಿಗೆ!

ಅವರು ತಲೆ ಎತ್ತಲಿಲ್ಲ. ಸೇವೆ ಮಾಡುವಾಗ ಮುಖ ನೋಡಬಾರದು, ನೋಡಿದರೆ ಗುರುತಿನವರ ಕಾಲು ಹೆಚ್ಚು ಉಜ್ಜುತ್ತೇವೆ ಎಂಬುದು ಅವರ ನಿಯಮ. ನಾನೇ ಹೇಳೋಣವೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಯಾರೋ ಪಾನಕದ ಲೋಟ ಹಿಡಿದರು.

ಅತ್ತಿಗೆ ನನ್ನ ಪಾದ ತಿಕ್ಕುತ್ತಾ ಪಕ್ಕದವರ ಹತ್ತಿರ ಹೇಳುತ್ತಿದ್ದರು. "ನನ್ನ ತಮ್ಮನ ಹೇಣ್ತಿ ಸೈಕಲ್ ಮ್ಯಾಲ ಬರ್ತೀನಿ ಅಂದಿದ್ಲವ್ವ. ಎಲ್ಲಿ ಬಾಡಿ ಬಿದ್ದಾಳೋ ಏನೋ. ನಾನಂತೂ ಅಟ್ಟ ಕಸ ಹೊಡೆಸಿ ಇಟ್ಟೀನಿ."

ನೀರನ್ನು ತಲೆಗೆ ಚಿಮುಕಿಸಿಕೊಂಡು, ಕಾಲು ಒರೆಸುತ್ತಾ ಒಮ್ಮೆಲೇ ಕೈ ನಿಲ್ಲಿಸಿದರು.

"ಈ ಕಾಲುಂಗುರ ನಾನ ಕೊಡಿಸಿದ್ದಲ್ಲೇನು?"

ಮುಖ ಮೇಲೆತ್ತಿದರು. ನಾನು ಲೋಟ ಇಳಿಸಿ, "ಹೌದು ಅತ್ತಿಗೆ, ದೀಪ ಇನ್ನೂ ಹಚ್ಚಿಲ್ಲ ಅಲ್ವಾ?" ಎಂದೆ.

ಸಾಲಿನ ಹೆಂಗಸರೆಲ್ಲ ತಂಬಿಗೆ ಬಿಟ್ಟು ನಕ್ಕರು. ದಾರಿಯ ಕಥೆಯನ್ನೆಲ್ಲ ಹೇಳಿದರೂ ಅತ್ತಿಗೆ ಬಗ್ಗಲಿಲ್ಲ. "ಮಲ್ಲಯ್ಯನ ಊಟ ಉಂಡು ಸಿರುಗುಪ್ಪಕ್ಕ ಬಂದ್ರ ದೇವರು ಸುಮ್ಮನ ಬಿಡ್ತಾನೇನು? ಬರೋ ವರ್ಷ ಶ್ರೀಶೈಲಕ್ಕ ನಡಿ."

"ಸೈಕಲ್ ಮೇಲಾದರೆ ಹೋಗ್ತೇನೆ."

"ಒಬ್ಬಾಕಿನ್ನ ಬಿಟ್ರ ಮತ್ತ ಬಳ್ಳಾರಿಗೇ ತಿರುಗ್ತಿ. ನಾನೂ ಬರ್ತೀನಿ." ಎದ್ದು ಹೋಗಿ ನನ್ನ ಸೈಕಲ್ಲಿನ ಹಿಂಭಾಗವನ್ನು ಕೈಯಿಂದ ಒತ್ತಿ ನೋಡಿದರು. "ಇಲ್ಲೊಂದು ದಿಂಬು ಕಟ್ಟಿಸು."

ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿರುವ ಮೊಮ್ಮಗಳು ಈಗ ಕೇಳುತ್ತಿದ್ದಾಳೆ, "ಅಜ್ಜಿ, ಮೊದಲು ಹೇಳಿದ್ಯಲ್ಲ, ಆ ಹೆಸರು ನೆನಪಾಯ್ತಾ? ಜಾಗ ಖಾಲಿ ಬಿಟ್ಟೀನಿ."

ಇಲ್ಲ ಮಗಾ. ಸದ್ಯಕ್ಕೆ 'ಅತ್ತಿಗೆ ಕೂರುವ ಜಾಗ' ಅಂತ ಬರೆದುಕೋ.