ಮೂಗಿನಿಂದ ಹೊಟ್ಟಿಗೆ ದಾರಿ

ನರ್ಸ್ ಕೆಲಸದಾಗ ಮಂದಿ ನಗಸದ ದಿನಾನೇ ಇಲ್ಲ. ಅದ್ರಾಗೂ ನಮ್ಮ ಡಾಕ್ಟರ್ ಎರಡು ಸಣ್ಣ ಪೈಪ್ ತಗೊಂಡು ಆಳಂದ, ಅಫಜಲಪುರ, ಜೇವರ್ಗಿ ತಿರಗಾಕ ಹತ್ತಿದ ಮ್ಯಾಲಂತೂ ಕೇಳಬ್ಯಾಡ್ರಿ. ಪೈಪಿನ ತುದ್ಯಾಗ ಕ್ಯಾಮೆರಾ. ಮೂಗಿನಿಂದ ಹೊಟ್ಟಿಗೆ ಇಳಸಿ, ಕ್ಯಾನ್ಸರ್ ಏನರ ಶುರು ಆಗೇದೇನು ಅಂತ ನೋಡೋದು. ಮಂಪರಿನ ಸೂಜಿ ಇಲ್ಲ, ಮನಷ್ಯಾ ಎಚ್ಚರ ಇರ್ತಾನ. ಒಂದು ಪೈಪ್ ಭಾಳ ತೆಳ್ಳಗ, ಚಿತ್ರ ಜರಾ ಮಬ್ಬು. ಇನ್ನೊಂದು ತುಸು ದಪ್ಪ, ಚಿತ್ರ ಸ್ವಚ್ಛ. ನಮ್ಮ ಮಂದಿ ಮೂಗಿಗೆ ಯಾವುದು ಒಗ್ಗತದ? ಇದು ಡಾಕ್ಟರಿಗೆ ಹತ್ತಿದ ಹುಚ್ಚು, ನನಗೂ ಹತ್ತಿತು.

ನನಗ ಬ್ಯಾರೆ ಕಾರಣನೂ ಇತ್ತು. ನಮ್ಮ ಅತ್ತಿ, ಅಂದ್ರ ನನ್ನ ಗಂಡನ ಅವ್ವಗ, ಭಾಳ ದಿನದಿಂದ ಹೊಟ್ಟ್ಯಾಗ ಉರಿ. ಅವರ ಅಕ್ಕ ಹೊಟ್ಟಿ ಕ್ಯಾನ್ಸರಿನಾಗೇ ಹೋದ್ರು, ತಿಳಿಯೂದ್ರಾಗ ತಡ ಆಗಿತ್ತು. ನನಗ ಜೀವಾ ಹಾರತಿತ್ತು. ಅತ್ತಿ ಮಾತ್ರ ಪೈಪ್ ಅಂದ್ರ ಸಾಕು, ಮೂಗಿಗೆ ಸೆರಗು ಹಿಡೀತಿದ್ರು.

ಕಡಕ್ ಉಪವಾಸ

ನಿಂಬರ್ಗಾದಿಂದ ಒಬ್ಬ ಯಜಮಾನ್ರು ಆಳಂದಕ್ಕ ಬಂದಿದ್ರು. ರಾತ್ರಿಯಿಂದ ಉಪವಾಸ ಇರ್ರಿ ಅಂತ ಮೊದಲೇ ಹೇಳಿದ್ವಿ. ಪೈಪ್ ಇಳಸಿ ನೋಡಿದ್ರ ಪರದೆ ತುಂಬ ಬಿಳಿ ಬಿಳಿ ಗುಂಡು!

"ಏನ್ ತಿಂದೀರಿ?" ಅಂದ್ರು ಡಾಕ್ಟರ್.

"ಏನೂ ಇಲ್ರಿ. ಕಡಕ್ ಉಪವಾಸ."

"ಹಂಗಾದ್ರ ಇವೇನ್ರಿ?"

ಯಜಮಾನ್ರು ಪರದೆ ನೋಡಿ ಖುಷಿ ಆದ್ರು. "ಅದು ಸಾಬುದಾಣಿ ಖಿಚಡಿ ರೀ. ಏಕಾದಶಿಗೂ ಅದನ್ನೇ ತಿಂತೇವಿ, ಉಪವಾಸಕ್ಕ ನಡೀತದ. ಶೇಂಗಾನೂ ಹಾಕಿದ್ದಳು ನಮ್ಮಾಕಿ, ಕಾಣಾಕತ್ತಾವೇನ್ರಿ?"

ಎರಡನೇದೂ ತೋರಸ್ರಿ

ಅಫಜಲಪುರದಾಗ ಬಟ್ಟಿ ಅಂಗಡಿ ಚಾಚಾ ಬಂದ್ರು. ತೆಳ್ಳನ ಪೈಪಿನಿಂದ ತಪಾಸಣಿ ಮುಗೀತು, ಏನೂ ತೊಂದ್ರಿ ಇರಲಿಲ್ಲ. ಮನಿಗೆ ಹೋಗ್ರಿ ಅಂದ್ರ ಏಳವಲ್ರು.

"ಎರಡನೇದೂ ಹಾಕ್ರಿ."

"ಬ್ಯಾಡ ಚಾಚಾ, ಒಂದೇ ಸಾಕು," ಅಂದೆ.

"ಹೆಂಗ್ ಸಾಕು ಬೇಟಾ? ಯಾವುದು ಚೊಲೋ ಅಂತ ಡಾಕ್ಟರ್ ಸಾಬ್ ಕೇಳಾಕತ್ತಾರ. ನಮ್ಮ ಅಂಗಡ್ಯಾಗ ಒಂದೇ ಸೀರಿ ನೋಡಿ ಯಾರರ ಎದ್ದು ಹೋಗ್ಯಾರೇನು?"

ಅತ್ತಿಯ ಸರದಿ

ಪೈಪ್ ಇದ್ದಂಗೇ ಖಿಚಡಿ ವರ್ಣಿಸಿದ ಯಜಮಾನ್ರ ಕಥಿ, ಚಾಚಾನ ಕಥಿ ಎರಡೂ ಮನ್ಯಾಗ ಹೇಳಿದೆ. ಅತ್ತಿ ಕಿವಿ ನೆಟ್ಟಗಾದವು.

"ಪೈಪ್ ಒಳಗ ಇದ್ದಾಗೂ ಮಾತಾಡಾಕ ಬರ್ತದೇನು?"

"ಹೌದ್ರಿ ಅತ್ತಿ. ಬಾಯಿ ಖುಲ್ಲಾ ಇರ್ತದ."

"ಹಂಗಾದ್ರ ನಡಿ."

ಕೊಳಕೂರದಿಂದ ಜೇವರ್ಗಿಗೆ ಬಂದ್ವಿ. ಗಂಡ ಇರೋತನಕ ಮೂಗುತಿ ತೆಗಿಯಂಗಿಲ್ಲ ಅಂತ ಅತ್ತಿ ಹಟ ಹಿಡಿದ್ರು. "ಇರಲಿ ಬಿಡ್ರಿ ಅಮ್ಮಾ, ದೇವರು ಇನ್ನೊಂದು ಹೊಳ್ಳಿ ಕೊಟ್ಟಾನಲ್ಲ," ಅಂದ್ರು ಡಾಕ್ಟರ್.

ಪೈಪ್ ಇಳೀತು, ಅತ್ತಿ ಬಾಯಿ ತೆರೀತು. "ಬರೋಬರಿ ನೋಡ್ರಿ ಡಾಕ್ಟರ್. ಈಕಿ ಮಾಡೋ ಖಾರದ ಪಲ್ಯಾ ತಿಂದು ಏನ್ ಗತಿ ಆಗೇದ ನೋಡ್ರಿ. ಇನ್ನ ರೊಟ್ಟಿ ಕೇಳಬ್ಯಾಡ್ರಿ, ನಡುವ ಹಸಿ, ಅಂಚು ಕರಕ..."

ಡಾಕ್ಟರ್ ನಗು ತಡಕೊಂಡು, "ಸಿಸ್ಟರ್, ನಿಮ್ಮ ಅತ್ತಿಗೆ ಬಾಯಾಗ ಹಾಕೋ ಹಳೇ ಪೈಪೇ ಚೊಲೋ ಇತ್ತು," ಅಂದ್ರು.

ನನಗ ನಗು ಬರಲಿಲ್ಲ. ಪರದೆ ಮ್ಯಾಲ ಒಂದು ಕಡೆ ಕೆಂಪಗ ಕಾಣ್ತು. ಡಾಕ್ಟರ್ ಅಲ್ಲೇ ಪೈಪ್ ತಿರುಗಿಸಿ ತಿರುಗಿಸಿ ನೋಡಿದ್ರು. ನಾ ಪರದೆ ಹತ್ರ ಬಗ್ಗಿದೆ.

"ಏನೂ ಇಲ್ರಿ," ಅಂದ್ರು ಡಾಕ್ಟರ್ ಕಡೀಕ. "ಗಂಟಿಲ್ಲ, ಹುಣ್ಣಿಲ್ಲ. ಬರೇ ಉರಿ. ಗುಳಿಗಿ ಕೊಡ್ತೀನಿ, ಖಾರ ಕಮ್ಮಿ ಮಾಡ್ರಿ."

ನನಗ ತಡಿಲಾರದ ಅಳು ಬಂತು. ಅಲ್ಲೇ ಬಿಕ್ಕಿ ಬಿಕ್ಕಿ ಅಳಾಕ ಹತ್ತಿದೆ.

ಮೂಗಿನ್ಯಾಗ ಪೈಪ್ ಇದ್ದಂಗೇ ಅತ್ತಿ ನನ್ನ ಕಡೆ ಕಣ್ಣು ಹೊರಳಿಸಿದ್ರು. "ನನಗೇನೂ ಆಗಿಲ್ಲ ಅಂದ್ರ ಇಷ್ಟ್ಯಾಕ ಬೇ ಅಳಾಕತ್ತಿ? ಅಷ್ಟು ನಿರಾಸಿ ಆತೇನು?"