ಆಂಟೆನಾ ಕಂಬ ಹಿಡಿದವಳ ಅಹವಾಲು

ಸಿಗ್ನಲ್ ಬೂಸ್ಟರಿನ ಆಂಟೆನಾ ವಿನ್ಯಾಸಗೊಳಿಸಿದ ಮಹನೀಯರ ಸನ್ನಿಧಾನಕ್ಕೆ,

ಮಾನ್ಯರೇ,

ಹೊಸನಗರ ತಾಲೂಕಿನ ನಿಟ್ಟೂರು ಕಡೆಯ ಶರಾವತಿಯಾದ ನಾನು, ಎಡಗೈ ತಮ್ಮ ಆಂಟೆನಾದ ಕಂಬದ ಮೇಲಿರುವುದರಿಂದ ಬಲಗೈ ಒಂದರಲ್ಲೇ ಸಲ್ಲಿಸುವ ನಮಸ್ಕಾರವನ್ನು ಅರ್ಧವೆಂದು ಬೇಸರಿಸದೆ ಸ್ವೀಕರಿಸಬೇಕಾಗಿ ಕೋರುತ್ತೇನೆ. ತಮ್ಮ ಯಂತ್ರ ಬರುವ ಮುಂಚೆ ನಮ್ಮ ಮನೆಯಲ್ಲಿ ಫೋನ್ ಇದ್ದೂ ಇಲ್ಲದಂತಿತ್ತು. ಈಗ ಇದ್ದೂ ಇಲ್ಲದಂತಿರುವ ಆ ಭಾಗ್ಯ ನನ್ನದಾಗಿದೆ.

ಪೆಟ್ಟಿಗೆಯಲ್ಲಿ ಬಂದ ಕೇಬಲ್ ಅಂಗಳದವರೆಗೆ ಸಾಲದೆಂದು ನಮ್ಮ ಯಜಮಾನರಾದ ಪೂರ್ಣೇಶರು ಅಟ್ಟದಲ್ಲಿದ್ದ ಹಳೆಯ ಟಿವಿ ಡಿಶ್ಶಿನ ಕೇಬಲನ್ನು ಕಂಬದ ಬುಡದಲ್ಲಿ ತಮ್ಮ ಕೇಬಲಿಗೆ ಗಂಟು ಹಾಕಿ, ಮೇಲೆ ಟೇಪು ಸುತ್ತಿ, ಇಂಜಿನಿಯರಾದರು. ತಮ್ಮ ಸೇವಾಕೇಂದ್ರದವರು ವಿವರಿಸಿದಂತೆ, ಅಲ್ಲಿ ಎರಡು ಕೇಬಲುಗಳ ಇಂಪೀಡೆನ್ಸ್, ಅಂದರೆ ಸಿಗ್ನಲಿಗೆ ಒಡ್ಡುವ ತಡೆ, ಒಂದಕ್ಕೊಂದು ಹೊಂದದೆ, ಬಂದ ಸಿಗ್ನಲ್ ಬೀಗ ಹಾಕಿದ ಮನೆಗೆ ಬಂದ ನೆಂಟರ ಹಾಗೆ ವಾಪಸು ಹೋಗುತ್ತದಂತೆ. ನಾನು ಗಂಟಿನ ಮೇಲೆ ಕೈಯಿಟ್ಟರೆ ಮಾತ್ರ ಹೇಗೋ ಹೊಂದಿಕೆಯಾಗಿ ಒಳಗೆ ಹೋಗುತ್ತದೆ. ಯಜಮಾನರು ಇಟ್ಟರೆ ಇದ್ದೊಂದು ಸಿಗ್ನಲ್ ಕಡ್ಡಿಯೂ ಮಾಯ. ಹೊಂದಿಕೊಂಡು ಹೋಗುವ ಅಭ್ಯಾಸ ಈ ಮನೆಯಲ್ಲಿ ಯಾರಿಗಿದೆ ಎಂಬುದನ್ನು ತಮ್ಮ ಯಂತ್ರ ಒಂದೇ ದಿನದಲ್ಲಿ ಪತ್ತೆ ಹಚ್ಚಿದ್ದಕ್ಕೆ ನಾನು ಆಭಾರಿ.

ಆದರೆ ತಮ್ಮ ಕೃಪೆ ಒಳಕೋಣೆಯಲ್ಲಿ ಮಾತ್ರ ಸಿಗುವುದರಿಂದ ಫೋನ್ ಅಲ್ಲಿ, ನಾನು ಅಂಗಳದಲ್ಲಿ. ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿರುವ ಮಗಳು ಚೈತ್ರಾ ಈ ವಾರವಿಡೀ ಫೋನ್ ಮಾಡಿ ಅಪ್ಪನಿಗೆ ಒಂದೇ ಮಾತು ಹೇಳುತ್ತಿದ್ದಾಳೆ: "ಅಮ್ಮಂಗೆ ಕೊಡಪ್ಪ, ಅವ್ಳ ಹತ್ರನೇ ಹೇಳ್ಬೇಕು." ಯಜಮಾನರು ಕಿಟಕಿಯಿಂದ ಕೂಗುತ್ತಾರೆ: "ನಿನ್ನ ಹತ್ರನೇ ಏನೋ ಹೇಳ್ಬೇಕಂತೆ ಮಾರಾಯ್ತಿ, ಕೈ ಮಾತ್ರ ಬಿಡ್ಬೇಡ!" ಬಿಟ್ಟು ಓಡಿದರೆ ನಾನು ಹೊಸಿಲು ದಾಟುವಷ್ಟರಲ್ಲಿ ಕರೆ ಕಟ್ಟಾಗಿರುತ್ತದೆ. ನಿನ್ನೆ ಅವಳು ಅಳುತ್ತಿದ್ದಳಂತೆ. "ಏನ್ ಕ್ಲಿಯರ್ ಆಗಿ ಕೇಳ್ತು ಗೊತ್ತಾ" ಎಂದು ಯಜಮಾನರು ತಮ್ಮ ಆಂಟೆನಾವನ್ನು ಬಾಯ್ತುಂಬ ಹೊಗಳಿದರು. ನನಗೆ ಅನ್ನ ಸೇರಲಿಲ್ಲ.

ಆದ್ದರಿಂದ ಮುಂದಿನ ಮಾದರಿಯಲ್ಲಿ ನನ್ನ ಎಡಗೈಯನ್ನು ಮೊಣಕೈವರೆಗೆ ಕಳಚಿ ಕಂಬಕ್ಕೆ ಸಿಕ್ಕಿಸಿಡುವ ಸೌಲಭ್ಯವನ್ನಾಗಲಿ, ನನ್ನ ಕಿವಿಯನ್ನು ಒಳಕೋಣೆಯವರೆಗೆ ಎಳೆದು ತಲುಪಿಸುವ ಕೇಬಲನ್ನಾಗಲಿ ದಯಪಾಲಿಸಬೇಕು. ಎರಡೂ ಆಗದಿದ್ದರೆ, 'ಹೆಂಡತಿಯನ್ನು ಪ್ರತ್ಯೇಕವಾಗಿ ಒದಗಿಸಿಕೊಳ್ಳತಕ್ಕದ್ದು' ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದರೂ ಸಾಕು, ಕೊಳ್ಳುವವರಿಗೆ ಅನುಕೂಲವಾಗುತ್ತದೆ. ತಾವು ಯೋಚಿಸಿ ಉತ್ತರಿಸುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ನಾಳೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ ಹಾಗೂ ಬಿಡಿಭಾಗ,
ಶರಾವತಿ

ವಿ.ಸೂ.: ಬ್ಯಾಗು ತುಂಬುತ್ತಿದ್ದ ನನ್ನನ್ನು ಕಂಡು ಯಜಮಾನರು ಬಹಳ ಕಳವಳದಿಂದ, "ಅಲ್ವೇ, ನೀ ಹೋದ್ರೆ ಕಂಬ ಯಾರು ಹಿಡ್ಕಳ್ತಾರೆ?" ಎಂದು ಕೇಳಿದರು. ಮಗಳು ಯಾಕೆ ಅತ್ತಳೆಂದು ಇನ್ನೂ ಕೇಳಿಲ್ಲ. ಇಂಥ ದೋಷ ನೋಡುವವರು ತಮ್ಮ ಸೇವಾಕೇಂದ್ರದಲ್ಲಿದ್ದರೆ ದಯವಿಟ್ಟು ಕಳುಹಿಸಿಕೊಡಿ. ನಾನು ಮನೆಯಲ್ಲಿರುವುದಿಲ್ಲ.