ಗೋಡೆಯ ಮೇಲಿನ ಕೆಮ್ಮು

ಬೋರ್ಡು ಬರೆಯುವವನ ಪಾಡೇ ಹೀಗೆ. ನಾವು ಬರೆದದ್ದು ಒಂದಾದರೆ ಜನ ನೋಡುವುದು ಇನ್ನೊಂದು. ಮೂಡಿಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಅಂಗಡಿಯವರು ನನ್ನನ್ನು ಮರೆತರು, ಆರೋಗ್ಯ ಇಲಾಖೆಯವರು ಮರೆಯಲಿಲ್ಲ. ನಮ್ಮ ಗಾಳಿಮಳೆಗೆ ಫ್ಲೆಕ್ಸ್ ಹರಿಯುತ್ತದೆ, ಗೋಡೆ ಹರಿಯುವುದಿಲ್ಲ. ಹಾಗಾಗಿ ಬಾಳೂರಿನಿಂದ ಸಂಸೆಯವರೆಗೆ ಗೋಡೆಗಳ ಮೇಲೆ ಟಿಬಿ ಕಾಯಿಲೆಯ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ಪ್ರತಿ ಚಿತ್ರದ ಕೆಳಗೂ ಬರೆಯಬೇಕು.

ಬರೆಯುವವನಿಗೆ ಆಗಲೇ ಐದನೇ ವಾರದ ಕೆಮ್ಮು. ಯಾರಾದರೂ ಕೇಳಿದರೆ ಪೇಂಟಿನ ವಾಸನೆ ಎನ್ನುತ್ತಿದ್ದೆ. ನಿಜವಾಗಿ ಇದ್ದದ್ದು ಹೆದರಿಕೆ. ನಾನು ಚಿಕ್ಕವನಿದ್ದಾಗ ನಮ್ಮ ಚಿಕ್ಕಪ್ಪನಿಗೆ ಇದೇ ಕಾಯಿಲೆ ಬಂದು, ಅವರಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟು, ಕೊನೆಗೆ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ಆ ತಟ್ಟೆ ನನಗೆ ಇವತ್ತಿಗೂ ನೆನಪಿದೆ. ಪರೀಕ್ಷೆ ಮಾಡಿಸದಿದ್ದರೆ ಕಾಯಿಲೆ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬ್ರಷ್ ಹಿಡಿದು ಹೊರಟೆ.

ಎಲೆ ರೋಗ

ಬಾಳೂರಿನ ಕಡೆ ಒಂದು ಎಸ್ಟೇಟಿನಲ್ಲಿ, ಕೆಲಸದವರ ಲೈನ್ ಮನೆಗಳ ಗೋಡೆಗೆ ಆಳೆತ್ತರದ ಶ್ವಾಸಕೋಶ ಬರೆದೆ. ನಡುವೆ ಉಸಿರಿನ ಕೊಳವೆ, ಎರಡು ಪಕ್ಕ ಎರಡು ಭಾಗ, ಒಳಗೆ ಸಣ್ಣ ಸಣ್ಣ ಕವಲು. ಕಾಯಿಲೆ ಕಾಣಲಿ ಎಂದು ಒಂದು ಭಾಗಕ್ಕೆ ಕಿತ್ತಳೆ ಬಣ್ಣದ ಚುಕ್ಕೆ ಇಟ್ಟೆ.

ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿ ಬಂದು ಸುಮಾರು ಹೊತ್ತು ನೋಡಿದ. ಜೋಡಿ ಎಲೆ ಚೆನ್ನಾಗಿ ಬಂದಿದೆ, ಆದರೆ ಈ ಕಡೆಯದಕ್ಕೆ ರಸ್ಟ್ ರೋಗ ಹಿಡಿದಿದೆ, ಮಳೆಗೆ ಮೊದಲೇ ಬೋರ್ಡೋ ಔಷಧಿ ಹೊಡೆಸಬೇಕಿತ್ತು ಎಂದ. ಕಾಫಿ ಗಿಡವನ್ನೇ ನೋಡಿ ಮುದುಕನಾದವನ ಕಣ್ಣಿಗೆ ಮತ್ತೇನು ಕಂಡೀತು?

ಇದು ಕಾಫಿ ಎಲೆಯಲ್ಲ, ನಮ್ಮೆಲ್ಲರ ಎದೆಯೊಳಗೆ ಇರುವುದು, ಇದಕ್ಕೆ ಟಿಬಿ ಹಿಡಿದರೆ ಮದ್ದು ಆರು ತಿಂಗಳು ತಿನ್ನಬೇಕು ಎಂದು ವಿವರಿಸಿದೆ. ಮೇಸ್ತ್ರಿ ಎದೆ ಮುಟ್ಟಿ ನೋಡಿಕೊಂಡ.

"ಆರು ತಿಂಗಳಾ? ಗಿಡಕ್ಕೆ ಎರಡು ಸಲ ಹೊಡೆದ್ರೆ ಸಾಕಲ್ಲ ಮಾರಾಯ್ರೇ."

ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಬಗ್ಗಿ ಕೆಮ್ಮುತ್ತಿದ್ದ ನನ್ನನ್ನೂ ಗೋಡೆಯ ಕಿತ್ತಳೆ ಚುಕ್ಕೆಗಳನ್ನೂ ಮೇಸ್ತ್ರಿ ಒಮ್ಮೆ ನೋಡಿ, ನಿಮಗೂ ಒಂದು ರೌಂಡ್ ಬೋರ್ಡೋ ಬೇಕು ಎಂದು ಹೇಳಿ ಹೋದ.

ಯಾರ ಮುಖ

ಮುಂದಿನ ಎಸ್ಟೇಟಿನಲ್ಲಿ ಕೆಮ್ಮುವ ಮನುಷ್ಯನ ಚಿತ್ರ. ಮೀಸೆ ಇಟ್ಟೆ. ಹಾಜರಿ ಹಿಡಿಯುವ ರೈಟರು ಓಡಿ ಬಂದು, ಇದು ನನ್ನ ಮೀಸೆ, ಮನೆಯಲ್ಲಿ ಮಗಳಿಗೆ ಗಂಡು ನೋಡುತ್ತಿದ್ದೇವೆ, ತೆಗೆಯಿರಿ ಎಂದರು. ಮೀಸೆ ಅಳಿಸಿದೆ. ಈಗ ಸಾಹುಕಾರರ ಭಾವನ ಹಾಗೆ ಕಾಣುತ್ತದೆ ಎಂದು ಬಂಗಲೆಯಿಂದ ಹೇಳಿಕಳಿಸಿದರು. ತಲೆಗೆ ಮಫ್ಲರ್ ಸುತ್ತಿದೆ. ಆ ಚಳಿಯಲ್ಲಿ ಮಫ್ಲರ್ ಸುತ್ತದ ಗಂಡಸೇ ಇರಲಿಲ್ಲ, ಲೈನಿಗೆ ಲೈನೇ ಜಗಳಕ್ಕೆ ಬಂತು.

ಕೊನೆಗೆ ಒಂದು ಕನ್ನಡಿ ಇಸಿದುಕೊಂಡು ನನ್ನ ಮುಖವನ್ನೇ ಬರೆದೆ. ತಕರಾರು ಮಾಡುವವರು ಯಾರೂ ಇರುವುದಿಲ್ಲವಲ್ಲ. ಕನ್ನಡಿಯಲ್ಲಿ ಕೆನ್ನೆಯ ಮೂಳೆ ಎದ್ದಿತ್ತು, ಕಣ್ಣು ಗುಳಿ ಬಿದ್ದಿತ್ತು, ಕಾಲರ್ ಸಡಿಲವಾಗಿತ್ತು. ಕಲ್ಪನೆಯಿಂದ ಸೇರಿಸಬೇಕಾದದ್ದು ಏನೂ ಇರಲಿಲ್ಲ.

ನೋಡಲು ಬಂದ ಆಶಾ ಕಾರ್ಯಕರ್ತೆಗೆ ತುಂಬಾ ಖುಷಿಯಾಯಿತು. ಇಷ್ಟು ದಿನ ಬರೆದದ್ದರಲ್ಲಿ ಇದೊಂದೇ ನಿಜವಾದ ರೋಗಿಯ ಹಾಗಿದೆ, ಮುಂದೆ ಎಲ್ಲಾ ಗೋಡೆಗೂ ಇವನೇ ಇರಲಿ ಎಂದರು.

ಬಸ್ ಸ್ಟಾಪಿನ ಅಜ್ಜಿ

ಸಂಸೆಯ ಹತ್ತಿರ ಒಂದು ಬಸ್ ಸ್ಟಾಪಿನ ಗೋಡೆಗೂ ನನ್ನನ್ನೇ ಬರೆದು, ಅದರ ಕೆಳಗೇ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಕೆಮ್ಮು ಬಿಡುತ್ತಿರಲಿಲ್ಲ. ಕಾಫಿ ಹಣ್ಣು ಕೊಯ್ಲಿಗೆ ಹೋಗುವ ಅಜ್ಜಿಯೊಬ್ಬಳು ಗೋಡೆ ನೋಡಿದಳು, ನನ್ನನ್ನು ನೋಡಿದಳು, ಬೆಂಚಿನ ತುದಿಗೆ ಸರಿದಳು. ತನಗೆ ಓದಲು ಬರುವುದಿಲ್ಲ, ಅಲ್ಲೇನು ಬರೆದಿದೆ ಓದು ಎಂದಳು. ಎರಡು ವಾರದ ಕೆಮ್ಮು, ಕಫ ಪರೀಕ್ಷೆ, ಬಾಯಿಗೆ ಬಟ್ಟೆ, ಗಾಳಿ ಆಡುವ ಜಾಗ, ಎಲ್ಲಾ ಓದಿದೆ.

"ನಿಂಗೆ ಎಷ್ಟು ವಾರ ಆಯ್ತು?"

"ಪೇಂಟಿನ ವಾಸನೆ ಅಜ್ಜಿ."

"ವಾರ ಕೇಳಿದ್ದು ನಾನು."

"ಎಂಟು," ಎಂದೆ.

ಅಜ್ಜಿ ರಸ್ತೆಗಿಳಿದು ಕೈ ಅಡ್ಡ ಹಿಡಿದಳು. ಕೆಲಸದವರನ್ನು ತುಂಬಿಕೊಂಡು ಬರುತ್ತಿದ್ದ ಜೀಪು ನಿಂತಿತು. ಗೋಡೆಯ ಮೇಲಿನವನು ಇವನೇ, ಕಳಸದ ಆಸ್ಪತ್ರೆಗೆ ಬಿಡಿ ಎಂದಳು. ಒಳಗಿದ್ದವರೆಲ್ಲ ಬಾಯಿಗೆ ಬಟ್ಟೆ ಹಿಡಿದರು. ಗಾಳಿ ಆಡಬೇಕು ಎಂದೂ ಆ ಗೋಡೆಯಲ್ಲಿ ಬರೆದಿದ್ದೆನಲ್ಲ, ಡ್ರೈವರ್ ಆಗಷ್ಟೇ ಸುರಿಯತೊಡಗಿದ ಅಕಾಲದ ಮಳೆಯಲ್ಲೇ ಟಾರ್ಪಾಲು ಮೇಲೆತ್ತಿ ಕಟ್ಟಿದ. ನಾನು ಬರೆದ ಒಂದೊಂದು ಮಾತನ್ನೂ ಪಾಲಿಸುತ್ತಾ ಇಡೀ ಜೀಪು ತೊಯ್ದು ತೊಪ್ಪೆಯಾಗಿ ಆಸ್ಪತ್ರೆ ಮುಟ್ಟಿತು. ಪಾಲಿಸದೆ ಇದ್ದವನು ನಾನೊಬ್ಬನೇ.

ತಿದ್ದುಪಡಿ

ಟಿಬಿ ಇತ್ತು. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ, ಆಸ್ಪತ್ರೆಯ ಚೀಟಿ ಕೊಟ್ಟೆ. ಅವಳನ್ನೂ ಮಗಳನ್ನೂ ಪರೀಕ್ಷೆಗೆ ಕರೆದುಕೊಂಡು ಹೋಗಿ, ಫಲಿತಾಂಶಕ್ಕೆ ಕಾದ ಎರಡು ದಿನ ನಾನು ಪಟ್ಟ ಭಯ ಹೇಳಿ ಮುಗಿಯುವುದಿಲ್ಲ. ಇಬ್ಬರಿಗೂ ಏನೂ ಇರಲಿಲ್ಲ. ಆ ಸಂಜೆ ನಾನೇ ನನಗೊಂದು ಬೇರೆ ತಟ್ಟೆ ತೆಗೆದಿಟ್ಟುಕೊಂಡೆ. ಡಾಕ್ಟರು ಮಾಸ್ಕ್ ಹಾಕಿ ಅಂದಿದ್ದಾರೆ, ತಟ್ಟೆ ವಿಷಯ ಏನೂ ಹೇಳಿಲ್ಲ ಎಂದು ಹೆಂಡತಿ ಅದನ್ನು ಎತ್ತಿ ಒಳಗಿಟ್ಟಳು. ನಾನು ಅತ್ತುಬಿಟ್ಟೆ.

ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ತಿಂದೆ. ಗುಣವಾಯಿತು, ಮೈ ತುಂಬಿಕೊಂಡಿತು. ಅಜ್ಜಿಗೆ ಒಂದು ಮಾತು ಹೇಳೋಣ ಎಂದು ಸಂಸೆಗೆ ಹೋದರೆ ಅವಳದ್ದೇ ದೂರು.

"ನೀನು ಗುಂಡಗಾದೆ, ಗೋಡೆ ಮೇಲಿರೋನು ಇನ್ನೂ ಹಂಗೇ ಕೆಮ್ತಾ ಇದಾನೆ. ಆರು ತಿಂಗಳಲ್ಲಿ ವಾಸಿ ಆಗುತ್ತೆ ಅಂದ್ರೆ ಜನ ನಂಬೋದು ಹ್ಯಾಗೆ?"

ಮಾತು ನ್ಯಾಯವಾದದ್ದೇ. ಮಾರನೇ ದಿನ ಡಬ್ಬಿ ತಂದು ಪಕ್ಕದಲ್ಲಿ ಇನ್ನೊಂದು ಮುಖ ಬರೆದೆ. ಕೆನ್ನೆ ತುಂಬಿಸಿದೆ, ನಗು ಇಟ್ಟೆ. ಅಜ್ಜಿ ಬೆಂಚಿನ ಮೇಲೆ ಕೂತು ಮುಗಿಯುವವರೆಗೂ ನೋಡಿದಳು. ನೀನಿಲ್ಲದಿದ್ದರೆ ಇವತ್ತು ನಾನು ಇರುತ್ತಿರಲಿಲ್ಲ ಎಂದು ಹೇಳಬೇಕೆಂದು ಅವಳ ಕಡೆ ತಿರುಗಿದೆ. ಮಾತಿನ ಬದಲು ಒಂದು ಕೆಮ್ಮು ಬಂತು.

ಅಜ್ಜಿ ಸೆರಗು ಬಾಯಿಗೆ ಹಿಡಿದಳು. "ಇದು ಎಷ್ಟನೇ ವಾರ?"

"ಅಯ್ಯೋ, ಇದು ನಿಜವಾಗಿ ಪೇಂಟಿನ ವಾಸನೆ ಅಜ್ಜಿ."

"ಅವತ್ತೂ ಇದನ್ನೇ ಹೇಳಿದ್ದೆ," ಎಂದು ಅಜ್ಜಿ ಎದ್ದು ರಸ್ತೆಗಿಳಿದು, ಬರುತ್ತಿದ್ದ ಜೀಪಿಗೆ ಕೈ ಅಡ್ಡ ಹಿಡಿದಳು.